ಕ್ವಿರಿನ್‌ನ ಪೀಪಿ

ಕ್ವಿರಿನ್ ಬಗ್ಗೆ ಯಾರಾದರೂ ಒಳ್ಳೆಯ ಮಾತಾಡಿದರೆ ನನಗೆ ಮೊದಲು ಸಿಟ್ಟು ಬರುತ್ತದೆ. ಅವನು ಎಂಥ ಹಟಮಾರಿ ಎಂಬುದು ನನಗೆ ಗೊತ್ತು, ಅವನ ಏಳು ಹಸುಗಳಿಗೆ ಗೊತ್ತು. ಆದರೂ ಅವನ ಕಥೆಯನ್ನು ನಾನೇ ಹೇಳಬೇಕು. ಬೇರೆಯವರ ಬಾಯಿಗೆ ಬಿಟ್ಟರೆ ಅವನನ್ನು ಸಂತನನ್ನಾಗಿ ಮಾಡಿ ಕೂರಿಸಿಬಿಡುತ್ತಾರೆ.

ನಾನು ನೋಟ್‌ಬುರ್ಗಾ. ಎಲ್ಲರಿಗೂ ಬುರ್ಗಿ. ನಮ್ಮ ಟಿರೋಲ್ ಕಣಿವೆಯ ತುದಿಯಲ್ಲಿ, ಹಿಮನದಿಯ ಕೆಳಗಿರುವ ತಂಗುಮನೆಯನ್ನು ನಡೆಸುವವಳು. ಮಾರ್ಚ್ ಬಂತೆಂದರೆ ಜನ ಹಿಂದಕ್ಕೆ ಜಾರದಂತೆ ಸ್ಕೀ ತಳಕ್ಕೆ ತುಪ್ಪಳದ ಪಟ್ಟಿ ಅಂಟಿಸಿಕೊಂಡು, ಏದುಸಿರು ಬಿಡುತ್ತಾ ನಮ್ಮಲ್ಲಿಗೆ ಹತ್ತಿ ಬರುತ್ತಾರೆ. ರಾತ್ರಿ ಮಲಗಿ, ಬೆಳಗ್ಗೆ ಇನ್ನೂ ಮೇಲಿನ ಶಿಖರಗಳಿಗೆ ಹೋಗಿ, ಜಾರುತ್ತಾ ಇಳಿದು ಬರುತ್ತಾರೆ. ವಸಂತದ ಹಿಮಕ್ಕೆ ಒಂದು ಗಡಿಯಾರ ಇದೆ. ಐದು ಗಂಟೆಗೆ ಕಲ್ಲು, ಒಂಬತ್ತಕ್ಕೆ ಬೆಣ್ಣೆ, ಹನ್ನೊಂದಕ್ಕೆ ಗಂಜಿ. ಗಂಜಿಯಾದ ಹಿಮ ಇಳಿಜಾರಿನಲ್ಲಿ ನಿಲ್ಲುವುದಿಲ್ಲ. ಅಷ್ಟರೊಳಗೆ ಎಲ್ಲರೂ ಇಳಿದು ನನ್ನ ಉಂಡೆ ಸಾರು ಕುಡಿಯುತ್ತಿರಬೇಕು, ಇದು ನಿಯಮ.

ಅವರನ್ನು ಕರೆದೊಯ್ಯುವ ಬೆಟ್ಟದ ಗೈಡ್ ಕ್ವಿರಿನ್. ಬೇಸಿಗೆಯಲ್ಲಿ ಹುಲ್ಲು ಕೊಯ್ಯುತ್ತಾನೆ, ಚಳಿಗಾಲದಲ್ಲಿ ಕೆಳಗಿನ ಊರಿನ ಸ್ಕೀ ಲಿಫ್ಟಿನಲ್ಲಿ ಕೆಲಸ, ವಸಂತ ಪೂರ್ತಿ ನಮ್ಮ ತಂಗುಮನೆ. ಮದುವೆ ಆಗಲಿಲ್ಲ. ಮಾತು ಕಡಿಮೆ, ಆಡಿದರೆ ಮುಳ್ಳು. ದಪ್ಪ ಗುಂಡು ರೊಟ್ಟಿಯನ್ನು ಎದೆಗೆ ಒತ್ತಿ ಹಿಡಿದು ತನ್ನ ಕಡೆಗೇ ಚಾಕು ಎಳೆದು ಕೊಯ್ಯುತ್ತಾನೆ. ನೋಡಿದ ಪಟ್ಟಣದವರು ಕಣ್ಣು ಮುಚ್ಚಿಕೊಳ್ಳುತ್ತಾರೆ. ಮೂವತ್ತು ವರ್ಷದಲ್ಲಿ ಒಬ್ಬ ಅತಿಥಿಯನ್ನೂ ಅವನು ಕಳೆದುಕೊಂಡಿರಲಿಲ್ಲ.

ಅದಕ್ಕೆ ಕಾರಣ ಬಾಗಿಲು. ಬೆಳಗ್ಗೆ ಐದಕ್ಕೆ ಕ್ವಿರಿನ್ ನಮ್ಮ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದ. ಹಿಮದಲ್ಲಿ ಹೂತುಹೋದವರನ್ನು ಹುಡುಕುವ ಪುಟ್ಟ ಪೆಟ್ಟಿಗೆ ಎಲ್ಲರ ಎದೆಯ ಮೇಲೂ ಇರುತ್ತದಲ್ಲ, ಅದನ್ನು ನಾವು ಪೀಪಿ ಎನ್ನುತ್ತೇವೆ. ಪೀಪಿಗೆ ಎರಡೇ ಕೆಲಸ, ಕೂಗುವುದು ಮತ್ತು ಕೇಳುವುದು. ಕೂಗುವಾಗ ಕೇಳದು, ಕೇಳುವಾಗ ಕೂಗದು. ನಡೆಯುವಾಗ ಎಲ್ಲರದೂ ಕೂಗುತ್ತಿರಬೇಕು. ಒಬ್ಬರು ಹೂತರೆ ಉಳಿದವರು ತಮ್ಮದನ್ನು ಕೇಳುವ ಕಡೆಗೆ ತಿರುಗಿಸಿ ಹುಡುಕಬೇಕು. ಬಾಗಿಲಲ್ಲಿ ಕ್ವಿರಿನ್ ತನ್ನ ಹಳೇ ಪೀಪಿಯನ್ನು ಕೇಳುವ ಕಡೆಗೆ ತಿರುಗಿಸಿ, ಅದರ ತಂತಿಯ ತುದಿಯ ಗುಂಡಿಯನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದ. ಒಬ್ಬೊಬ್ಬರೇ ಅವನ ಮುಂದೆ ಹಾಯಬೇಕು. ಕೂಗು ಕೇಳಿಸಿದರೆ ತಲೆ ಆಡಿಸುತ್ತಿದ್ದ, ಇಲ್ಲದಿದ್ದರೆ ಕೈ ಅಡ್ಡ.

ಒಮ್ಮೆ ಮ್ಯೂನಿಕ್‌ನ ದೊಡ್ಡ ಡಾಕ್ಟರೊಬ್ಬ ಪೀಪಿಯನ್ನು ಬೆನ್ನಚೀಲದಲ್ಲಿ ತುರುಕಿಕೊಂಡು ಬಂದ. ನಮ್ಮ ಎತ್ತರದಲ್ಲಿ ಎಲ್ಲರೂ ಎಲ್ಲರಿಗೂ ‘ನೀನು’. ಕ್ವಿರಿನ್ ಕೇಳಿದ, “ಏನಪ್ಪಾ ಡಾಕ್ಟ್ರೇ, ಹೂತುಹೋದ್ಮೇಲೆ ಚೀಲ ಬಿಚ್ಚಿ ಆನ್ ಮಾಡ್ಕೋತೀಯಾ?”

“ಮೇಲೆ ಹೋಗಿ ಹಾಕ್ಕೋತೀನಿ ಬಿಡು.”

“ಮೇಲೆ ಅಂದ್ರೆ ಎಷ್ಟು ಮೇಲೆ? ಸ್ವರ್ಗದಲ್ಲಾ? ಹೋಗು, ಬುರ್ಗಿ ಹತ್ರ ಇನ್ನೊಂದು ಕಾಫಿ ಕುಡಿ. ಇವತ್ತು ನಿನ್ನ ಬೆಟ್ಟ ಅದೇ.”

ಡಾಕ್ಟರ್ ಇಡೀ ದಿನ ನನ್ನ ಅಡುಗೆಮನೆಯಲ್ಲಿ ಕೂತು ಕೋಪದಲ್ಲಿ ಆಲೂಗಡ್ಡೆ ಸುಲಿದ. ಚೆನ್ನಾಗಿಯೇ ಸುಲಿದ.

ಪೀಪಿಗಿಂತ ಹೆಚ್ಚು ಕಟ್ಟುನಿಟ್ಟು ಅವನಿಗೆ ಹಾಡಿನ ವಿಷಯದಲ್ಲಿ. ಯಾರ ಕಿವಿಯಲ್ಲಾದರೂ ಹಾಡು ಕೇಳುವ ತಂತಿ ಕಂಡರೆ ಕಿತ್ತು ನನ್ನ ಕೈಗೆ ಕೊಡುತ್ತಿದ್ದ. “ಬೆಟ್ಟ ಏನೋ ಹೇಳ್ತಿರುತ್ತೆ, ನೀವು ಡ್ಯಾನ್ಸ್ ಹಾಡು ಕೇಳಿ,” ಎನ್ನುತ್ತಿದ್ದ. ಆಗ ಅವನು ನನ್ನ ಮುಖ ನೋಡುತ್ತಿರಲಿಲ್ಲ. ನಾನೂ ಅವನ ಮುಖ ನೋಡುತ್ತಿರಲಿಲ್ಲ.

ಯಾಕೆಂದರೆ ವಿಗಿಲ್. ಕ್ವಿರಿನ್‌ನ ಅಣ್ಣ. ನನಗೆ ಗೊತ್ತಾಗಿದ್ದ ಗಂಡು. ಎಂಬತ್ತನಾಲ್ಕರ ಶರತ್ಕಾಲಕ್ಕೆ ಮದುವೆ ಎಂದು ಎರಡೂ ಮನೆಯವರು ಮಾತಾಡಿದ್ದರು. ವಿಗಿಲ್ ಕೂಡ ಗೈಡ್. ಬಾಗಿಲಲ್ಲಿ ನಿಂತು ಪರೀಕ್ಷೆ ಮಾಡುವ ಪದ್ಧತಿ ತಂದವನೇ ಅವನು. ಊರಿನ ಮುದುಕರು ನಕ್ಕಿದ್ದರು, “ಇದೇನಪ್ಪಾ, ಕುರಿ ಎಣಿಸಿದ ಹಾಗೆ” ಎಂದು. ಅವನಿಗೆ ಹಾಡಿನ ಹುಚ್ಚು. ಹುಟ್ಟುಹಬ್ಬಕ್ಕೆ ನಾನು ಕಿವಿಗೆ ಸಿಕ್ಕಿಸಿಕೊಂಡು ಕೇಳುವ ಪುಟ್ಟ ಟೇಪ್ ರೆಕಾರ್ಡರ್ ಕೊಟ್ಟಿದ್ದೆ. ಕಣಿವೆಯಲ್ಲೇ ಅದು ಮೊದಲನೆಯದು.

ಆ ಏಪ್ರಿಲ್‌ನಲ್ಲಿ ಹಿಮ ಕುಸಿದು ವಿಗಿಲ್‌ನನ್ನು ನುಂಗಿತು. ಜೊತೆಗೆ ಕ್ವಿರಿನ್ ಇದ್ದ, ಇನ್ನೂ ಆರು ಜನ ಇದ್ದರು. ಎಲ್ಲರೂ ಪೀಪಿ ತಿರುಗಿಸಿ ಸಂಜೆಯವರೆಗೆ ಹುಡುಕಿದರು. ಒಂದು ಸದ್ದೂ ಬರಲಿಲ್ಲ. ಜೂನ್‌ನಲ್ಲಿ ಹಿಮ ಕರಗಿದಾಗ ಸಿಕ್ಕ. ಎದೆಯ ಮೇಲಿದ್ದ ಪೀಪಿ ಜಜ್ಜಿ ಹೋಗಿತ್ತು, ಕೂಗುತ್ತಿತ್ತೋ ಇಲ್ಲವೋ ಯಾರಿಗೂ ಹೇಳಲಾಗಲಿಲ್ಲ. ಹಣೆಗೆ ಕಟ್ಟಿದ ಉಣ್ಣೆ ಪಟ್ಟಿಯ ಒಳಗೆ, ಎಡಗಿವಿಗೆ ಒತ್ತಿಕೊಂಡು ತಂತಿಯ ಗುಂಡಿ ಇತ್ತು. ತಂತಿ ತುಂಡಾಗಿತ್ತು. ಟೇಪ್ ರೆಕಾರ್ಡರ್ ಎಲ್ಲೂ ಸಿಗಲಿಲ್ಲ.

ಊರು ತೀರ್ಪು ಕೊಡಲು ಎಷ್ಟು ಹೊತ್ತು ಬೇಕು? “ಹಾಡು ಕೇಳ್ತಾ ಹೋದ. ಪೀಪಿ ಆನ್ ಮಾಡೋದೇ ಮರ್ತ. ಬೆಟ್ಟ ಗುಡುಗಿದ್ದೂ ಕೇಳಿಸ್ಲಿಲ್ಲ.” ಊರವರಿಗೆಲ್ಲ ಪಾಠ ಹೇಳಿದವನೇ ಹೀಗೆ ಸತ್ತನಲ್ಲ ಎಂದು ಕೆಲವರಿಗೆ ಒಳಗೊಳಗೆ ಸಮಾಧಾನವೂ ಆಗಿತ್ತು, ನಾನು ಮುಖಗಳನ್ನು ನೋಡಿದ್ದೇನೆ. ಅವರ ತಾಯಿ ಮಗನ ಶಿಲುಬೆಗೆ ಗೈಡ್‌ಗಳ ಬಿಲ್ಲೆ ಹಚ್ಚಲು ಬಿಡಲಿಲ್ಲ. “ಅದಕ್ಕೆ ಅವನು ಲಾಯಕ್ಕಲ್ಲ,” ಎಂದಳು. ಹಾಗೇ ಹೇಳುತ್ತಾ ತೀರಿಕೊಂಡಳು. ಕ್ವಿರಿನ್ ಅಣ್ಣನ ಸಮಾಧಿಗೆ ಒಂದು ಮೇಣದಬತ್ತಿ ಹಚ್ಚಲಿಲ್ಲ, ನನ್ನ ಜೊತೆ ನಾಲ್ಕು ವರ್ಷ ಮಾತಾಡಲಿಲ್ಲ. ಐದನೇ ವರ್ಷ ತಂಗುಮನೆ ನನ್ನ ಕೈಗೆ ಬಂತು. ಅವನು ಬಂದು ಬಾಗಿಲಲ್ಲಿ ನಿಂತು, “ಗೈಡ್ ಬೇಕಾ?” ಎಂದ. “ಬೇಕು,” ಎಂದೆ. ಅಷ್ಟೇ. ಕೊಟ್ಟವಳು ನಾನು, ಕೊಂದದ್ದು ನನ್ನ ಉಡುಗೊರೆ ಎಂದು ಮೂವತ್ತೊಂದು ವರ್ಷ ನಂಬಿದ್ದೆ, ನಂಬಿಕೊಂಡೇ ಅವನಿಗೆ ಸಾರು ಬಡಿಸಿದೆ.

ಆಮೇಲೆ ಬಂತು ಆ ಏಪ್ರಿಲ್ ಹದಿನೆಂಟು. ನಾನು ಬೆಟ್ಟಕ್ಕೆ ಹೋಗುವುದೇ ಅಪರೂಪ. ಅವತ್ತು ಕೆಳಗಿನಿಂದ ತಂಗಿ ಬಂದಿದ್ದಳು, ಒಲೆ ನೋಡಿಕೊಳ್ಳುತ್ತೇನೆ ಎಂದಳು. ನಾಲ್ಕು ಜನ ಅತಿಥಿಗಳು: ಗ್ರಾಟ್ಸ್‌ನ ನರ್ಸ್ ರೋಸ್‌ವಿಟಾ, ಅವಳ ಗಂಡ, ಬವೇರಿಯಾದ ಇಬ್ಬರು ಬಡಗಿ ಅಣ್ಣತಮ್ಮಂದಿರು. ನಾನು ಐದನೆಯವಳು.

ಬಾಗಿಲಲ್ಲಿ ಕ್ವಿರಿನ್ ಎಂದಿನಂತೆ. ನಾಲ್ವರೂ ಹಾದರು. ನಾನು ಹಾದೆ.

“ನಿನ್ನದು ಕೆಮ್ತಾ ಇದೆ ಕಣೇ,” ಎಂದ. “ಹೋದ ವರ್ಷದ ಬ್ಯಾಟರಿನಾ?”

“ನನ್ನಷ್ಟು ದಿನ ಬಾಳುತ್ತೆ ಬಿಡು.”

ಅವನು ಕಿವಿಯ ಗುಂಡಿಯನ್ನು ಹಣೆಪಟ್ಟಿಯ ಮಡಿಕೆಗೆ ಸೇರಿಸಿದ. ಅದಾದ ಮೇಲೆ ಬಲಗೈ ಎದೆಗೆ ಹೋಗುತ್ತದೆ, ಪೀಪಿಯನ್ನು ಕೂಗುವ ಕಡೆಗೆ ತಿರುಗಿಸುತ್ತಾನೆ, ಜಾಕೆಟ್ ಎಳೆಯುತ್ತಾನೆ. ಸಾವಿರ ಸಲ ನೋಡಿದ್ದೇನೆ. ಅವತ್ತು ಆ ಬಲಗೈ ಎದೆಗೆ ಹೋಗುವಷ್ಟರಲ್ಲಿ ನಾನು ಕೂಗಿದೆ, “ಏ ಕ್ವಿರಿನ್, ನಿನ್ನ ರೊಟ್ಟಿ ಮೇಜಿನ ಮೇಲೇ ಬಿಟ್ಟಿದ್ದೀಯ. ಹಿಡ್ಕೋ.” ರೊಟ್ಟಿ ಮತ್ತು ಹೊಗೆ ಹಾಕಿದ ಹಂದಿಮಾಂಸದ ಪೊಟ್ಟಣವನ್ನು ಆ ಕೈಗೇ ಕೊಟ್ಟೆ. ಅವನು ಪೊಟ್ಟಣ ಚೀಲಕ್ಕೆ ಹಾಕಿದ, ಜಾಕೆಟ್ ಎಳೆದ, “ನಡೀರಿ” ಎಂದ.

ನಾಲ್ಕು ಗಂಟೆ ಹತ್ತಿದೆವು. ಹಿಮ ಗಟ್ಟಿಯಾಗಿತ್ತು, ಆಕಾಶ ತೊಳೆದಿಟ್ಟಂತಿತ್ತು. ಶಿಖರದಲ್ಲಿ ಶಿಲುಬೆಯ ಬುಡದಲ್ಲಿ ಕೂತು ರೊಟ್ಟಿ ತಿಂದೆವು. ಕ್ವಿರಿನ್ ತನ್ನ ಮಾಂಸದಲ್ಲಿ ಅರ್ಧ ಕೊಯ್ದು ನನ್ನ ಕಡೆ ಚಾಚಿದ. “ಮಂಡಿ ಹೇಗಿದೆ ಅಜ್ಜಿ?” ಎಂದ. ನನಗಿಂತ ಒಂದೇ ವರ್ಷ ಚಿಕ್ಕವನು. ಅವನ ಲೆಕ್ಕದಲ್ಲಿ ಅದು ಪ್ರೀತಿಯ ಮಾತು.

ಒಂಬತ್ತೂವರೆಗೆ ಇಳಿಯತೊಡಗಿದೆವು. ಅಗಲ ಇಳಿಜಾರಿನ ಮೇಲ್ತುದಿಯಲ್ಲಿ ನಮ್ಮನ್ನು ನಿಲ್ಲಿಸಿ, “ನಾನು ಕೆಳಗಿನ ದಿಬ್ಬದವರೆಗೆ ಹೋಗಿ ಕೈ ಎತ್ತುತ್ತೀನಿ. ಆಮೇಲೆ ಒಬ್ಬೊಬ್ಬರೇ,” ಎಂದು ಹೋದ. ಎಂಟು ತಿರುವು ಹಾಕಿದ. ಒಂಬತ್ತನೆಯದು ಹಾಕಲಿಲ್ಲ. ಬದಿಯ ಬಂಡೆಯ ಬುಡದಲ್ಲಿ ಬಿಸಿಲು ಬೇಗ ಕೆಲಸ ಮಾಡಿತ್ತು. ಬುಸ್ ಎಂದು ಒಂದು ಸದ್ದು, ಮೂಟೆ ಸರಿಸಿದ ಹಾಗೆ, ಅಷ್ಟೇ. ಇಳಿಜಾರು ಚಲಿಸಿತು. ನಿಂತಾಗ ಕೆಳಗೆ ಉಂಡೆ ಉಂಡೆ ಹಿಮ ಇತ್ತು, ಕ್ವಿರಿನ್ ಇರಲಿಲ್ಲ.

ರೋಸ್‌ವಿಟಾ ಕೂಗಿದಳು, “ಎಲ್ರೂ ಕೇಳೋದಕ್ಕೆ ತಿರುಗ್ಸಿ. ಬೇಗ.” ಒಬ್ಬೊಬ್ಬರಾಗಿ ಐವರೂ ಪೀಪಿ ತಿರುಗಿಸಿದೆವು. ಅವಳ ಗಂಡ ಫೋನಿನಲ್ಲಿ ಹೆಲಿಕಾಪ್ಟರ್‌ಗೆ ಹೇಳುತ್ತಲೇ ಇಳಿದ. ಕುಸಿದ ಹಿಮದ ಮೇಲೆ ಅಡ್ಡಡ್ಡ ನಡೆದೆವು. ಏನೂ ಇಲ್ಲ. ಮತ್ತೆ ನಡೆದೆವು. ಐದು ಪೀಪಿ, ಐದರಲ್ಲೂ ಒಂದು ಸದ್ದಿಲ್ಲ.

“ಅವನದು ಆನ್ ಇತ್ತಾ?” ದೊಡ್ಡ ಬಡಗಿ ನನ್ನನ್ನು ಕೇಳಿದ. “ಬಾಗ್ಲಲ್ಲಿ ಅವನದನ್ನ ಯಾರು ನೋಡಿದ್ರು?”

ಯಾರು ನೋಡಿದ್ದರು? ದೀಪದ ಬುಡದಲ್ಲಿ ಕತ್ತಲು. ಎಲ್ಲರನ್ನೂ ಅವನು ನೋಡುತ್ತಿದ್ದ, ಅವನನ್ನು ಯಾರೂ ನೋಡುತ್ತಿರಲಿಲ್ಲ. ಆ ಬಲಗೈ ಕಣ್ಣ ಮುಂದೆ ಬಂತು. ರೊಟ್ಟಿಯ ಪೊಟ್ಟಣ ಬಂತು.

“ಕೇಳೋ ಕಡೆಗೇ ಇದೆ,” ಎಂದೆ. “ಅವನದು ಕೂಗ್ತಾ ಇಲ್ಲ. ನಾನೇ ತಪ್ಪಿಸಿದೆ.”

ಯಾರೂ ನನ್ನನ್ನು ಬೈಯಲಿಲ್ಲ, ಬೈಯಲು ಹೊತ್ತಿರಲಿಲ್ಲ. ರೋಸ್‌ವಿಟಾ ಆಗಲೇ ಚುಚ್ಚುಗೋಲು ಜೋಡಿಸುತ್ತಿದ್ದಳು. ನನ್ನ ಕೈಯಲ್ಲಿದ್ದ ಪೀಪಿಯ ಮೇಲೆ ಎಂಥ ಸಿಟ್ಟು ಬಂತೆಂದರೆ, ದರಿದ್ರದ್ದೇ ಎಂದು ಅದನ್ನು ಕೂಗುವ ಕಡೆಗೆ ಚಟ್ಟನೆ ತಿರುಗಿಸಿ ಜಾಕೆಟ್ಟಿನೊಳಗೆ ತುರುಕಿದೆ. ಹುಡುಕುವಾಗ ಯಾರೂ ಹಾಗೆ ಮಾಡಬಾರದು. ಆದರೆ ಅಲ್ಲಿ ಕೇಳುವುದಕ್ಕೆ ಏನಿತ್ತು? ನಾನೂ ಕೋಲು ಹಿಡಿದೆ.

ಚಿಕ್ಕ ಬಡಗಿಗೆ ಒಂದು ಕೈಗವಸು ಸಿಕ್ಕಿತು. ಅದರ ಕೆಳಗೆ ಸಾಲಾಗಿ ನಿಂತು, ಒಂದು ಹೆಜ್ಜೆ, ಮೂರು ಚುಚ್ಚು, ಒಂದು ಹೆಜ್ಜೆ, ಮೂರು ಚುಚ್ಚು. ವಸಂತದ ಹಿಮ ನಿಂತ ಮೇಲೆ ಗಾರೆಯಂತೆ ಗಟ್ಟಿಯಾಗುತ್ತದೆ, ಕೋಲು ಇಳಿಯುವುದೇ ಇಲ್ಲ. ಹದಿನೈದು ನಿಮಿಷವಾಯಿತು. ಹದಿನೈದರ ನಂತರ ಏನಾಗುತ್ತದೆ ಎಂಬುದು ನಮ್ಮ ಕಣಿವೆಯಲ್ಲಿ ಶಾಲೆಗೆ ಹೋಗುವ ಮಗುವಿಗೂ ಗೊತ್ತು. ಇಪ್ಪತ್ತಾಯಿತು. ನಾನು ದೇವರನ್ನು ಕರೆಯಲಿಲ್ಲ, ಕ್ವಿರಿನ್‌ಗೆ ಬೈಯುತ್ತಿದ್ದೆ. ಕತ್ತೆ, ಎಮ್ಮೆ, ಅಣ್ಣನ ದಾರಿಯನ್ನೇ ಹಿಡಿದೆಯಲ್ಲೋ ಎಂದು ಬೈಯುತ್ತಾ ಚುಚ್ಚುತ್ತಿದ್ದೆ.

ಇಪ್ಪತ್ನಾಲ್ಕನೇ ನಿಮಿಷಕ್ಕೆ ರೋಸ್‌ವಿಟಾಳ ಕೋಲು ಮೆತ್ತಗೆ ನಿಂತಿತು. “ಇಲ್ಲಿ,” ಎಂದಳು.

ಬಡಗಿಗಳು ಸಲಿಕೆಯಲ್ಲಿ ಅಗೆದರು, ನಾನು ಕೈಯಲ್ಲಿ. ಮೊದಲು ಭುಜ, ಆಮೇಲೆ ತಲೆ. ತುಟಿ ನೀಲಿ. ಮೂಗಿನ ಮುಂದೆ ಒಂದು ಮುಷ್ಟಿಯಷ್ಟು ಜಾಗ ಉಳಿದಿತ್ತು. ರೋಸ್‌ವಿಟಾ ಬಾಯಿಯ ಹಿಮ ತೆಗೆದು ಕೆನ್ನೆ ತಟ್ಟಿದಳು. ಅವನು ಉಸಿರು ಎಳೆದ, ಹಳೇ ಬಾಗಿಲು ಕಿರುಗುಟ್ಟಿದ ಹಾಗೆ. ಎಲ್ಲರೂ ಅಳತೊಡಗಿದರು. ನಾನು ಅಳಲಿಲ್ಲ. ನಾನು ಗರ ಬಡಿದವಳಂತೆ ಅವನ ಎಡಗಿವಿಯನ್ನೇ ನೋಡುತ್ತಿದ್ದೆ.

ಹಣೆಪಟ್ಟಿಯ ಒಳಗೆ, ಕಿವಿಗೆ ಒತ್ತಿಕೊಂಡು, ತಂತಿಯ ಗುಂಡಿ ಇತ್ತು. ಎಂಬತ್ತನಾಲ್ಕರ ಜೂನ್‌ನಲ್ಲಿ ವಿಗಿಲ್‌ನ ಕಿವಿಯಲ್ಲಿ ನಾನು ಕಂಡದ್ದೇ. ಅದೇ ಜಾಗ, ಅದೇ ಮಡಿಕೆ. ವಿಗಿಲ್‌ನ ಕಿವಿಯದು ಟೇಪ್ ರೆಕಾರ್ಡರಿನದಲ್ಲ. ಅದು ಪೀಪಿಯದು. ವಿಗಿಲ್ ಅವತ್ತು ಬೆಳಗ್ಗೆ ಬಾಗಿಲಲ್ಲಿ ನಿಂತು ಏಳು ಜನರನ್ನು ಪರೀಕ್ಷಿಸಿದ್ದ, ಆಮೇಲೆ ಅವನ ಕೈಗೂ ಯಾರೋ ಏನೋ ಕೊಟ್ಟಿರಬೇಕು, ಇಲ್ಲವೇ ಯಾರೋ ಕರೆದಿರಬೇಕು. ಇಷ್ಟು ವರ್ಷ ಬಾಗಿಲಲ್ಲಿ ಆ ತಂತಿಯನ್ನು ಕಣ್ಣಾರೆ ಕಂಡೂ ನನಗೆ ಹೊಳೆಯಲಿಲ್ಲ. ಊರು ಹೇಳಿದ ಮೇಲೆ ಕಣ್ಣಿಗೆ ಬೇರೇನು ಕಾಣುತ್ತದೆ?

ಹೆಲಿಕಾಪ್ಟರ್ ಅವನನ್ನು ಇನ್ಸ್‌ಬ್ರುಕ್‌ಗೆ ಒಯ್ದಿತು. ಎಲುಬು ಮೂರು ಮುರಿದಿದ್ದವು, ಜೀವಕ್ಕೆ ಭಯವಿಲ್ಲ ಎಂದರು. ಮೂರನೇ ದಿನ ಹೋದೆ. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

“ರೊಟ್ಟಿ ಕೊಟ್ಟಿದ್ದು ನಾನು,” ಎಂದೆ.

“ರೊಟ್ಟಿ ಕೊಟ್ರೆ ಯಾರಾದ್ರೂ ಸಾಯ್ತಾರಾ? ತಿರುಗಿಸ್ಬೇಕಾಗಿದ್ದ ಕೈ ನಂದು.” ಮುಖ ತಿರುಗಿಸದೆಯೇ ಕುರ್ಚಿ ತೋರಿಸಿದ. “ಕೂತ್ಕೋ ಬುರ್ಗಿ. ಒಂದು ವಿಷ್ಯ ಇದೆ.”

ಕೂತೆ.

“ಕೆಳಗೆ ನಂಗೆ ಬೆರಳೂ ಅಲ್ಲಾಡ್ಸೋಕೆ ಆಗ್ಲಿಲ್ಲ. ಆದ್ರೆ ಉರುಳಿದಾಗ ಗುಂಡಿ ಜಾರಿ ಕಿವಿಗೇ ಬಂದಿತ್ತು, ಕೇಳಿಸ್ತಿತ್ತು. ನಿಮ್ಮ ಐದೂ ಪೀಪಿ ಕಿವೀಲಿ ಕೂಗ್ತಿತ್ತು. ಬಂದ್ರು ಅಂದ್ಕೊಂಡೆ. ಆಮೇಲೆ ಒಂದು ನಿಂತ್ಹೋಯ್ತು. ಇನ್ನೊಂದು ನಿಂತ್ಹೋಯ್ತು. ಐದೂ ನಿಂತ್ಹೋದ್ವು.” ಅವನು ಹೊದಿಕೆಯನ್ನು ಮೇಲೆಳೆದುಕೊಂಡ. “ನೀವು ನನ್ನ ಹುಡುಕೋಕೆ ಶುರು ಮಾಡಿದ್ದೀರಿ ಅಂತ ಗೊತ್ತಾಯ್ತು. ನಂದು ಕೂಗ್ತಿಲ್ಲ ಅಂತ್ಲೂ ಆಗ್ಲೇ ಗೊತ್ತಾಯ್ತು.”

ಹುಡುಕುವವರು ಕೇಳಲು ತೊಡಗಿದ ಕೂಡಲೇ ಹೂತವನಿಗೆ ಜಗತ್ತೇ ಮೌನವಾಗುತ್ತದೆ ಎಂದು ನಮ್ಮಲ್ಲಿ ಯಾರು ಯೋಚಿಸಿದ್ದರು?

“ಕಣ್ಣು ಎಳೀತಿತ್ತು,” ಎಂದ. “ಮಲಗಿಬಿಡೋಣ ಅನ್ನಿಸ್ತು. ಆಗ ಒಂದು ಮಾತ್ರ ಮತ್ತೆ ಶುರು ಆಯ್ತು. ಕೆಮ್ಮೋ ಪೀಪಿ. ಹೋದ ವರ್ಷದ ಬ್ಯಾಟರಿ.” ಅವನು ನನ್ನ ಕಡೆ ತಿರುಗಿದ. “ಎಣಿಸ್ತಾ ಮಲಗಿದ್ದೆ ಕಣೇ. ಸಾವಿರದ ಇನ್ನೂರರ ತನಕ ಎಣಿಸಿದೆ. ಅದಕ್ಕೇ ನಿದ್ದೆ ಮಾಡ್ಲಿಲ್ಲ.”

ನನ್ನ ಸಿಟ್ಟು ಒಬ್ಬ ಮನುಷ್ಯನನ್ನು ಬದುಕಿಸಿದ್ದು ಅದೊಂದೇ ಸಲ. ನಾನು ಅವನ ಕೈ ಹಿಡಿದುಕೊಂಡೆ. ಹಿಡಿದುಕೊಂಡೇ ಕಿವಿಯ ಗುಂಡಿಯ ಮಾತು ಹೇಳಬೇಕೆಂದಿದ್ದೆ, ಹೇಳಬೇಕಾಗಲಿಲ್ಲ. ಅವನು ಮೂರು ದಿನದಿಂದ ಅದನ್ನೇ ಯೋಚಿಸುತ್ತಾ ಮಲಗಿದ್ದ.

“ವಿಗಿಲ್‌ಗೂ ಕೇಳಿಸಿರುತ್ತೆ,” ಎಂದ. “ಅವತ್ತು ಮೊದಲು ತಿರುಗಿಸಿದ್ದು ನಾನು. ಅವನಿಗೆ ಮೊದಲು ನಿಂತಿದ್ದು ನನ್ನ ಸದ್ದು. ಆಮೇಲೆ ಒಂದೂ ವಾಪಸ್ ಬರ್ಲಿಲ್ಲ ಬುರ್ಗಿ. ಸಂಜೆ ತನಕ ಒಂದೂ ಬರ್ಲಿಲ್ಲ.”

ಐವತ್ತೆಂಟು ವರ್ಷದ ಗಂಡಸು ದಿಂಬಿಗೆ ಬಾಯಿ ಒತ್ತಿ ಅತ್ತ. ನಾನೂ ಅತ್ತೆ. ಹೊರಡುವಾಗ ಅವನು ಮೂಗು ಒರೆಸಿಕೊಂಡು, “ಮುಂದಿನ ವರ್ಷದಿಂದ ಬಾಗ್ಲಲ್ಲಿ ಕೊನೇಗೆ ನನ್ನದನ್ನ ನೀನು ಕೇಳ್ಬೇಕು,” ಎಂದ. “ಕೇಳಿಸ್ಲಿಲ್ಲ ಅಂದ್ರೆ ಆಲೂಗಡ್ಡೆ ಸುಲಿಯೋಕೆ ಕೂರ್ಸು.” ಇವತ್ತಿನವರೆಗೂ ಹಾಗೇ ನಡೆದಿದೆ.

ಮೇ ಎರಡನೇ ಭಾನುವಾರ, ಪೂಜೆ ಮುಗಿದು ಗಂಡಸರೆಲ್ಲ ಎಂದಿನಂತೆ ಇಗರ್ಜಿಯ ಗೋಡೆಗೆ ಒರಗಿ ನಿಂತಿದ್ದರು. ಕ್ವಿರಿನ್ ಮುರಿದ ಕೈಯನ್ನು ಕೊರಳಿನ ಜೋಳಿಗೆಯಲ್ಲಿ ತೂಗುಹಾಕಿಕೊಂಡೇ ಅಣ್ಣನ ಸಮಾಧಿಯ ಬಳಿ ಹೋದ. ತನ್ನ ಎದೆಯ ಗೈಡ್ ಬಿಲ್ಲೆಯನ್ನು ಒಂದೇ ಕೈಯಲ್ಲಿ ಬಿಚ್ಚಲು ಹೆಣಗಿದ, ನಾನು ಬಿಚ್ಚಿ ಕೊಟ್ಟೆ. ನಾನು ಹಿಡಿದುಕೊಂಡೆ, ಅವನು ಕಬ್ಬಿಣದ ಶಿಲುಬೆಗೆ ಅದನ್ನು ತಂತಿಯಿಂದ ಕಟ್ಟಿದ. ಮುದುಕ ಕೋರ್ಬಿನಿಯನ್, ಎಂಬತ್ತನಾಲ್ಕರಲ್ಲಿ ಗೈಡ್‌ಗಳ ಹಿರಿಯನಾಗಿದ್ದವನು, ಗೋಡೆಯಿಂದಲೇ ಕೇಳಿದ, “ಏನೋ ಅದು, ಹಾಡು ಕೇಳ್ತಾ ಸತ್ತವನಿಗೆ ಬಿಲ್ಲೆ?”

ಕ್ವಿರಿನ್ ತಿರುಗಿ ನಿಂತ. ಕಿವಿಯ ಗುಂಡಿಯ ವಿಷಯ ಹೇಳಿದ, ಬಾಗಿಲಿನ ವಿಷಯ ಹೇಳಿದ, ಹಿಮದ ಕೆಳಗೆ ತಾನು ಕೇಳಿದ್ದನ್ನೂ ಹೇಳಿದ. ಅಷ್ಟು ಉದ್ದ ಅವನು ಮಾತಾಡಿದ್ದು ಯಾರೂ ಕೇಳಿರಲಿಲ್ಲ. ಕೊನೆಗೆ ಅಂದ, “ಅವನು ಹಾಡು ಕೇಳ್ತಿರ್ಲಿಲ್ಲ ಕೋರ್ಬಿನಿಯನ್. ನಮ್ಮನ್ನ ಕೇಳ್ತಿದ್ದ.”

ಕೋರ್ಬಿನಿಯನ್ ಅವತ್ತು ಹುಡುಕಿದ ಏಳು ಜನರಲ್ಲಿ ಒಬ್ಬ. ಅವನು ಟೋಪಿ ತೆಗೆದ. ಆಮೇಲೆ ಉಳಿದವರೂ ತೆಗೆದರು. ತುಂಬ ಹೊತ್ತು ಹಾಗೇ ನಿಂತಿದ್ದರು. ಕ್ವಿರಿನ್‌ನ ಹಸುಗಳು ಕಾಯುತ್ತಿದ್ದವು, ಅವನ ಕೈ ಜೋಳಿಗೆಯಲ್ಲಿತ್ತು. ನಾನು ಹೋಗಿ ಏಳರ ಹಾಲನ್ನೂ ಕರೆದೆ.